ಜಾಕೀಟಿನೊಳಗಿನ ಹತ್ತಿ

ಜಾತಿ ನಾಯಿ ಮಾರುವ ಯಜಮಾನರಿಗೆ,

ಕಳೆದ ಭಾನುವಾರ ನಿಮ್ಮಿಂದ ಮರಿ ಕೊಂಡ ದರ್ಜಿ ನಾನು. ಅಂದು ಸುಡುಬಿಸಿಲು. ಆದರೂ ನೀವು ಮರಿಗೆ ಜಾಕೀಟು ತೊಡಿಸಿ, "ಒಂದು ವಾರ ಬಿಚ್ಚಬೇಡಿ, ಥಂಡಿ ಆಗುತ್ತೆ" ಎಂದಿರಿ. ಮೂರನೇ ದಿನ ನನ್ನ ಮಗಳು ಬಿಚ್ಚಿದಳು. ಮರಿಯ ಹೊಕ್ಕುಳಲ್ಲಿ ಗೋಲಿಯಷ್ಟು ಗಂಟಿತ್ತು. ಹೆದರಿ ನಿಮಗೇ ಫೋನ್ ಮಾಡಿದಳು.

"ನೀನೇ ಎತ್ತಿ ಅಮುಕಿರಬೇಕು, ಅಲ್ವೇನಮ್ಮಾ?" ಎಂದಿರಿ. ಅಂದಿನಿಂದ ಅವಳು ಮರಿಯನ್ನು ಮುಟ್ಟಿಲ್ಲ. ಅದು ಕಾಲಿಗೆ ಸುತ್ತಿಕೊಂಡರೆ ಕೈ ಹಿಂದೆ ಕಟ್ಟಿ ನಿಲ್ಲುತ್ತಾಳೆ.

ಪ್ರಾಣಿ ಡಾಕ್ಟರು, "ಹುಟ್ಟಿನಿಂದ ಬಂದದ್ದು ಕಣ್ರೀ, ಅಮುಕಿದರೆ ಬರಲ್ಲ. ಸಣ್ಣದು, ವಾಸಿಯಾಗುತ್ತೆ" ಎಂದರು. ಮಗಳು ನಂಬಲಿಲ್ಲ. "ನಾಯಿ ಮಾಮ ಹಾಗೆ ಹೇಳಲಿಲ್ವಲ್ಲಪ್ಪ" ಎಂದಳು.

ಆಮೇಲೆ ನಾನು ಜಾಕೀಟಿನ ಹೊಲಿಗೆ ಬಿಚ್ಚಿದೆ. ಹೊಕ್ಕುಳಿನ ನೇರಕ್ಕೆ ಮಾತ್ರ ಒಳಗೆ ಹತ್ತಿ ತುಂಬಿತ್ತು. ಬೆನ್ನಿಗಿಲ್ಲದ ಥಂಡಿ ಹೊಕ್ಕುಳೊಂದಕ್ಕೇ ಆಗುತ್ತದೆಯೇ ಸ್ವಾಮಿ? ನೀವು ಕೊಟ್ಟ ವಂಶಾವಳಿಯ ಕಾಗದದಲ್ಲಿ ಮರಿಯ ಮುತ್ತಜ್ಜನ ಹೆಸರೂ ಇದೆ, ಈ ಗಂಟಿನ ಸುದ್ದಿ ಮಾತ್ರ ಇಲ್ಲ. ಕುಲವೆಲ್ಲ ನಿಮ್ಮ ನಾಯಿಯದು, ತಪ್ಪೆಲ್ಲ ನಮ್ಮ ಮನೆ ಹುಡುಗಿಯದು!

ನಾನು ಫೋನ್ ಮಾಡಿದಾಗ, ತಂದುಕೊಡಿ, ಬೇರೆ ಮರಿ ಕೊಡುತ್ತೇನೆ ಎಂದಿರಿ. ವಾಪಸ್ ಬಂದದ್ದನ್ನು ಏನು ಮಾಡುತ್ತೀರಿ ಎಂದು ಕೇಳಿದ್ದಕ್ಕೆ ಫೋನ್ ಇಟ್ಟಿರಿ. ಮರಿ ಇಲ್ಲೇ ಇರುತ್ತದೆ.

ಗಂಟು ಮೊದಲೇ ಇತ್ತು ಎಂದು ಒಂದು ಸಾಲು ಬರೆದು ಕಳಿಸಿ. ನನಗಲ್ಲ, ಮಗಳಿಗೆ. ಅವಳು ಎರಡನೇ ಕ್ಲಾಸು; ಅಕ್ಷರ ದೊಡ್ಡದಾಗಿರಲಿ.

ಇಂತಿ,
ಆ ಹುಡುಗಿಯ ಅಪ್ಪ

ನಿಮ್ಮ ಹತ್ತಿಯನ್ನು ಇದೇ ಲಕೋಟೆಯಲ್ಲಿಟ್ಟಿದ್ದೇನೆ.