ಹೊಸ ಟರ್ಮಿನಲ್ಲಿನ ಬಾಗಿಲು ಕೂಗಿದಾಗ

೧೩ ನವೆಂಬರ್, ಗುರುವಾರ

ವಿಮಾನ ನಿಲ್ದಾಣದಲ್ಲಿ ಇವತ್ತು ನನ್ನನ್ನು ಪೊಲೀಸರು ಹಿಡಿದರು. ಸುಳ್ಳು. ತಡೆದದ್ದು ನನ್ನ ಹೆಂಡತಿ ಚಂದವ್ವನನ್ನು.

ಹೊಸ ಟರ್ಮಿನಲ್, ಬಣ್ಣದ ವಾಸನೆ ಇನ್ನೂ ಹೋಗಿಲ್ಲ. ನಮ್ಮ ಬಾಗೇವಾಡಿ ಬಸ್ ಸ್ಟ್ಯಾಂಡಿನಲ್ಲಿ ಜನ ಕೂಗುತ್ತಾರೆ, ಇಲ್ಲಿ ಬಾಗಿಲು ಕೂಗುತ್ತದೆ. ತಪಾಸಣೆಯ ಬಾಗಿಲು ಚಂದವ್ವ ದಾಟಿದ ಕೂಡಲೇ ಕೂಗಿತು.

"ಯಮ್ಮಾ, ಕೊರಳಾಗಿಂದು ಬಿಚ್ಚಿ ಟ್ರೇದಾಗ ಇಡ್ರಿ," ಎಂದಳು ಕಾವಲಿನ ಹುಡುಗಿ.

ಅದು ಇಷ್ಟಲಿಂಗದ ಬೆಳ್ಳಿ ಕರಡಿಗೆ. ದೀಕ್ಷೆಯಾದ ದಿನದಿಂದ ಅವಳ ಮೈಬಿಟ್ಟು ಇಳಿದಿಲ್ಲ.

"ಇದನ್ನ ಬಿಚ್ಚಂಗಿಲ್ಲ ತಂಗಿ. ಬೇಕಾದ್ರ ನಾ ಮನಿಗಿ ಹೋಗ್ತೇನಿ."

ಹಿಂದೆ ಸಾಲು ಗೊಣಗಿತು. ಅತ್ತ ಹೈದರಾಬಾದಿನಲ್ಲಿ ಮಗಳು ಸುನೀತಾಳ ಹೆರಿಗೆ ಇವತ್ತೋ ನಾಳೆಯೋ. ಚಂದವ್ವ ನನ್ನ ಮುಖ ನೋಡಿದಳು. ಅವಳ ಬೆರಳು ಕರಡಿಗೆ ಕಟ್ಟಿದ ಶಿವದಾರದ ಗಂಟಿಗೆ ಹೋಯಿತು. ನನ್ನ ಬಾಯಲ್ಲಿ ಒಂದು ಚೇಷ್ಟೆಯೂ ಹುಟ್ಟಲಿಲ್ಲ.

"ಬಿಚ್ಚಬ್ಯಾಡ," ಎಂದೆ. "ಮೊದಲ ಆಕಿ ನಡುವಿನ ಸಂಚಿ ನೋಡ್ರಿ."

ಎಲೆ ಅಡಿಕೆಯ ಸಂಚಿಯಿಂದ ತಗಡಿನ ಸುಣ್ಣದ ಡಬ್ಬಿ ಬಂತು. ಅದನ್ನು ತೆಗೆದಿಟ್ಟು ದಾಟಿದಾಗ ಬಾಗಿಲು ಸುಮ್ಮನಿತ್ತು.

"ನನಗ ಅರಳುಮರಳು ಬಡದೈತಿ. ದೊಡ್ಡ ಚೀಲದಾಗ ಇಟ್ಟೇನಿ ಅಂತ ತಿಳದಿದ್ದೆ," ಎಂದು ವಿಮಾನದಲ್ಲಿ ಉದ್ದಕ್ಕೂ ಹಲುಬಿದಳು.

ದೊಡ್ಡ ಚೀಲದಲ್ಲೇ ಇಟ್ಟಿದ್ದಳು. ಬಾಗಿಲು ಕೂಗಲಿ, ಅವಳು ಬೆಚ್ಚಲಿ ಎಂದು, ಕಾರಿನಲ್ಲಿ ಅವಳು ತೂಕಡಿಸುವಾಗ ಅದನ್ನು ಸಂಚಿಗೆ ಹಾಕಿದವನು ನಾನು.