ಪುಕ್ಕಲಣ್ಣನನ್ನು ಕರೆದುಕೊಂಡು ಹೋಗಿದ್ದೇನೆ

ಮಗಳೇ,

ಚಳಿಗಾಲದ ಒಂದು ಮುಸ್ಸಂಜೆ ಈ ನಾಯಿಮರಿಯನ್ನು ಸ್ವೆಟರಿನಲ್ಲಿ ಸುತ್ತಿ ತಂದು, "ಮಾವ, ನಾಲ್ಕು ದಿನ ಕಳೆದರೆ ಹೆದರಿಕೆ ಬಿಡ್ತಾನೆ" ಅಂದಿದ್ದೆ. ಬಿಡಲಿಲ್ಲ. ನಿನ್ನ ತಪ್ಪಲ್ಲ, ಅವನದೂ ಅಲ್ಲ.

ನಿನ್ನೆ "ಶಾಶ್ವತವಾಗಿ ಮಲಗಿಸಿಬಿಡುವುದೇ ಮೇಲು" ಅಂದ ಪ್ರಾಣಿ ಡಾಕ್ಟರ ಮಾತು ಕೇಳಿ, "ನನ್ನ ಬಾಯಿಂದ ಬರಲ್ಲ ಮಾವ, ನೀವೇ ಹೇಳಿಬಿಡಿ" ಅಂತ ಅಳುತ್ತಿದ್ದೆಯಲ್ಲ, ಆಗಲಿ ಅಂತ ಡಾಕ್ಟರಿಗೆ ಹೇಳಿದ್ದೇನೆ. ಸೂಜಿ ಚುಚ್ಚುವಾಗ ನಾನೇ ಹಿಡಿದುಕೊಂಡಿರುತ್ತೇನೆ. ನೀನು ಕೆಲಸದಿಂದ ಬರುವವರೆಗೆ ಕಾದಿದ್ದರೆ ಇಬ್ಬರಿಗೂ ಧೈರ್ಯ ಸಾಲುತ್ತಿರಲಿಲ್ಲ.

ಬೆಳಿಗ್ಗೆ ಅವನಿಗೆ ಅನ್ನ ಹಾಕಿದೆ. ಯಾರಾದರೂ ನೋಡಿದರೆ ತಿನ್ನುವುದಿಲ್ಲವಲ್ಲ, ಎಂದಿನಂತೆ ಬೆನ್ನು ತಿರುಗಿಸಿ ಕೂತೆ. ಪೂರ್ತಿ ತಿಂದ. ಇವತ್ತು ತಿರುಗಿ ಕೂತದ್ದು ಅವನಿಗೋಸ್ಕರ ಮಾತ್ರ ಅಲ್ಲ.

ನಿನ್ನ ಕೈಯ ಹೊಲಿಗೆಗೆ ನೀರು ತಾಗಿಸಬೇಡ. ಅವತ್ತೊಂದು ದಿನ ಕುಕ್ಕರ್ ಇಟ್ಟಾಗ ಅದರ ಕೂಗಿಗೆ ಬೆಚ್ಚಿ ಕಚ್ಚಿದ, ಕೋಪಕ್ಕಲ್ಲ.

ಅವನ ತಟ್ಟೆ ಹಾಗೇ ಇರಲಿ, ನಾನು ತೊಳೆಯುತ್ತೇನೆ. ಮಂಚದ ಕೆಳಗಿನ ಕಂಬಳಿಯನ್ನು ಈಗಲೇ ತೆಗೆಯಬೇಡ.

ಅವನು ಹೆದರುತ್ತಾನೆ ಅಂತ ಬೇಳೆಯನ್ನು ಪಾತ್ರೆಯಲ್ಲಿ ಬೇಯಿಸಿ ಸಾಕಾಯ್ತು ಅಂತ ನೀನು ಗೊಣಗುತ್ತಿದ್ದೆ. ಇನ್ನು ಕುಕ್ಕರ್ ಎಷ್ಟು ಬೇಕಾದರೂ ಕೂಗಲಿ. ಬಾಗಿಲನ್ನೂ ಜೋರಾಗಿಯೇ ಹಾಕಿಕೊಳ್ಳಬಹುದು.

ಈಗ ನಾವಿಬ್ಬರೂ ಹೊರಟೆವು. ಪುಕ್ಕಲಣ್ಣ ಬಾಲ ಮುದುರಿಕೊಂಡೇ ಬಾಗಿಲವರೆಗೆ ಬಂದ, ಆದರೆ ಬಂದ.

ಮಾವ