ಗಾಜಿನ ಪೆಟ್ಟಿಗೆಯ ಗುಂಡ

ಮನೆಯಿಂದ, ಎರಡನೆಯ ಮಹಡಿ
ಬುಧವಾರ, ೧೯ನೇ ತಾರೀಖು

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತಾ? ಏಣಿ ಮೇಲೆ ನಿಂತು ಕೆಲಸದವರನ್ನು ಬೈಯುವ ಅಭ್ಯಾಸ ಬಿಟ್ಟರೆ ಅರ್ಧ ನೋವು ತಾನಾಗಿಯೇ ಹೋಗುತ್ತದೆ ಅಂತ ಅಮ್ಮ ಹೇಳಿದ್ದಾಳೆ. ನಾನು ಪರವಾಗಿಲ್ಲ, ಮೆಟ್ಟಿಲು ಹತ್ತುವಾಗ ಮಾತ್ರ ಮೊಣಕಾಲು ಗೊಣಗುತ್ತದೆ. ಫೋನು ಮಾಡಿದರೆ ನೀನು “ಅಕ್ಕಾ, ಸೈಟಲ್ಲಿದೀನಿ, ಆಮೇಲೆ ಮಾಡ್ತೀನಿ” ಅನ್ನುತ್ತೀಯ, ಆ ಆಮೇಲೆ ಇವತ್ತಿನವರೆಗೂ ಬಂದಿಲ್ಲ. ಕಾಗದವನ್ನಾದರೆ ನಡುವೆ ಕಟ್ ಮಾಡಲು ಆಗುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಓದು.

ನೀನು ಕಳಿಸಿದ ಸಮುದ್ರದ ವಿಷಯ ಮೊದಲು ಹೇಳಿಬಿಡುತ್ತೇನೆ. ಅಮ್ಮನ ಕಣ್ಣಿನ ನರ ಸೋತಿದೆ, ಇನ್ನು ಐದಾರು ತಿಂಗಳು ಕಂಡರೆ ಹೆಚ್ಚು ಅಂತ ಡಾಕ್ಟರು ಹೇಳಿದ ವಾರ ನಾನು ನಿನಗೆ ಬಾ ಅಂದೆ. ಕಂಡಷ್ಟು ದಿನ ಅಮ್ಮ ನಿನ್ನ ಮುಖ ನೋಡಲಿ, ಬೇರೇನೂ ಬೇಡ ಅಂದೆ. ನೀನು ಬರಲಿಲ್ಲ, ಈ ಗಾಜಿನ ತೊಟ್ಟಿ ಬಂತು. ಇಬ್ಬರು ಹಮಾಲಿಗಳು ಏದುಸಿರು ಬಿಡುತ್ತಾ ತಂದಿಳಿಸಿದರು, ಜೊತೆಗೆ ಒಂದು ಮೂಟೆ ಉಪ್ಪು, ಒಂದು ಪೆಟ್ಟಿಗೆ ಕಲ್ಲು, ಮೋಟಾರು, ಹೀಟರು, ದೀಪ. ಬಣ್ಣ ಕಂಡರೆ ಪ್ರಾಣ ಬಿಡುವವಳು ಅಮ್ಮ, ಕಣ್ಣಿರುವಷ್ಟು ದಿನ ಬಣ್ಣ ನೋಡಲಿ ಅಂತ ಚೀಟಿ ಬರೆದಿದ್ದೆ. ಮೀನು ಬಿಡುವ ದಿನ ನಾನೇ ಬಂದು ನಿಂತು ಬಿಡುತ್ತೇನೆ ಅಂತಲೂ ಬರೆದಿದ್ದೆ. ಕಣ್ಣೊರೆಸುವ ತಂತ್ರ ಅಂತ ನನಗೆ ಅವತ್ತೇ ಗೊತ್ತಾಯಿತು. ತೊಟ್ಟಿಯ ಹಿಂಭಾಗದಲ್ಲಿ ‘ದಯವಿಟ್ಟು ಗಾಜು ತಟ್ಟಬೇಡಿ, ನಿಮ್ಮ ಸರದಿ ಬಂದಾಗ ಕರೆಯುತ್ತೇವೆ’ ಅನ್ನುವ ಸ್ಟಿಕರ್ ಅರ್ಧ ಕಿತ್ತುಹೋಗಿತ್ತು. ಯಾವ ಹಲ್ಲಿನ ಡಾಕ್ಟರ ಕ್ಲಿನಿಕ್ಕನ್ನು ನೀನು ಹೊಸದು ಮಾಡುವಾಗ ಇದು ಬೇಡವಾಯಿತು ಅಂತ ನಾನು ಕೇಳುವುದಿಲ್ಲ. ಅಮ್ಮನಿಗೆ ಹೇಳಲೂ ಇಲ್ಲ. ಬ್ಲೇಡಿನಿಂದ ಕೆರೆದು ತೆಗೆದೆ.

ಆಮೇಲೆ ಶುರುವಾಯಿತು ನೋಡು ನನ್ನ ಪಾಡು. ಹೊಲಿಗೆ ಮೆಷಿನ್ನಿನ ಜಾಗ ತೊಟ್ಟಿಗೆ ಹೋಯಿತು, ನನ್ನ ಹೊಲಿಗೆ ಅಡುಗೆಮನೆಗೆ ಬಂತು. ಅಡುಗೆ ಉಪ್ಪು ಸಾಲದೇನಪ್ಪಾ ಅಂತ ಮೀನಿನಂಗಡಿಯವನನ್ನು ಕೇಳಿದೆ. ಇವನು ಸಾಕುವ ಮೀನಿನವನು, ತಿನ್ನುವ ಮೀನಿನವನಲ್ಲ. ನಾನು ಮಗುವನ್ನು ಸಾರಿನಲ್ಲಿ ಸ್ನಾನ ಮಾಡಿಸುತ್ತೇನೆ ಅಂದೆನೇನೋ ಎನ್ನುವ ಹಾಗೆ ನೋಡಿದ. ಫಿಲ್ಟರ್ ನೀರಿಗೆ ಆ ಮೂಟೆಯ ಉಪ್ಪನ್ನೇ ಕಲಸಬೇಕು, ಒಂದು ದಿನ ಪೂರ್ತಿ ಮೋಟಾರು ಹಾಕಿ ತಿರುಗಿಸಬೇಕು, ಉಪ್ಪಿನ ಮೀಟರಿನ ಮುಳ್ಳು ಹಸಿರು ಗೆರೆಗೆ ಬರಬೇಕು. ಹದಿನೆಂಟು ಬಕೆಟ್ ನೀರು ಹೊತ್ತೆ. ಮುಗಿಯಿತು, ಇನ್ನು ಮೀನು ಬಿಡೋಣ ಅಂದರೆ ಅವನು “ಆರು ವಾರ ಕಾಯಬೇಕಮ್ಮಾ, ನೀರು ಪಳಗಬೇಕು, ಈಗಲೇ ಬಿಟ್ರೆ ಸತ್ತೋಗುತ್ತೆ” ಅಂದ. ಐದಾರು ತಿಂಗಳಲ್ಲಿ ಒಂದೂವರೆ ತಿಂಗಳು ಹೀಗೆ ಹೋಯಿತು. ಬಣ್ಣ ನೋಡಲಿ ಅಂತ ನೀನು ಕಳಿಸಿದ ತೊಟ್ಟಿಯ ಮುಂದೆ ಅಮ್ಮ ಕುರ್ಚಿ ಹಾಕಿಕೊಂಡು ಬೂದು ಕಲ್ಲುಗಳನ್ನೂ ಅವುಗಳ ಮೇಲೆ ಕಟ್ಟಿದ ಕಂದು ಪಾಚಿಯನ್ನೂ ನೋಡುತ್ತಾ ಕೂತಳು. ಒಂದು ದಿನವೂ ಬೇಜಾರು ಮಾಡಿಕೊಳ್ಳಲಿಲ್ಲ. “ನೀರು ಪಳಗಲಿ, ಅಷ್ಟ್ರಲ್ಲಿ ಅವನೂ ಬರ್ತಾನೆ” ಅನ್ನುತ್ತಿದ್ದಳು. ಮೂಗಿಗೆ ತುಪ್ಪ ಸವರುವುದನ್ನು ನಿನ್ನಿಂದ ಕಲಿಯಬೇಕು.

ಆರು ವಾರ ಆಯಿತು. ನೀನು ಬರಲಿಲ್ಲ. “ವಿಡಿಯೋ ಕಳ್ಸು ಅಕ್ಕಾ” ಅಂತ ಮೆಸೇಜು ಬಂತು. ಅಂಗಡಿಯಿಂದ ಕಿತ್ತಳೆ ಬಣ್ಣಕ್ಕೆ ಬಿಳಿ ಪಟ್ಟೆ ಇರುವ ಒಂದು ಮೀನು ತಂದೆ, ಹೆಬ್ಬೆರಳುದ್ದ, ಮೈಯೆಲ್ಲಾ ಕುಣಿಸಿಕೊಂಡು ಈಜುವಂಥದ್ದು. ಅಮ್ಮ ಅದಕ್ಕೆ ಏನು ಹೆಸರಿಟ್ಟಳು ಹೇಳು? ಗುಂಡ. ನಿನ್ನದೇ ಹೆಸರು, ನೀನು ಗುಂಡಗೆ ಇದ್ದ ಕಾಲದ್ದು. ಮೂವತ್ತು ವರ್ಷ ಪೇಂಟಿನಂಗಡಿಯಲ್ಲಿ ಬಣ್ಣ ಕಲಸಿದವಳಲ್ಲವಾ, ಮೂಗನ್ನು ಗಾಜಿಗೆ ತಾಗಿಸಿ ಕೂತು, “ಕಿತ್ತಳೆ ಆರು ಪಾಲು, ಕೆಂಪು ಒಂದು, ಹಳದಿ ಒಂದು ಹನಿ ಅಷ್ಟೆ” ಅಂತ ಲೆಕ್ಕ ಹೇಳಿದಳು. ಜನ ಗೋಡೆಯ ಸುಣ್ಣದ ಚಕ್ಕೆ ಕಿತ್ತು ತಂದರೂ ಅದೇ ಬಣ್ಣ ಕಲಸಿ ಕೊಡುತ್ತಿದ್ದ ಕಣ್ಣದು. ಅವತ್ತು ನಾನು ನಿನ್ನನ್ನು ಸ್ವಲ್ಪ ಕ್ಷಮಿಸಿದ್ದೆ ಕಣೋ, ನಿಜ ಹೇಳುತ್ತೇನೆ. ದಿನಾ ಬೆಳಿಗ್ಗೆ “ಗುಂಡಾ, ತಿಂದ್ಯೇನೋ? ಯಾಕೋ ಮೂಲೆಗೆ ಹೋಗ್ತೀಯ?” ಅಂತ ಮಾತಾಡಿಸುತ್ತಿದ್ದಳು. ಅವನು ನಿನಗಿಂತ ಒಳ್ಳೆಯವನು, ಕರೆದರೆ ಬರುತ್ತಿದ್ದ.

ಅವನನ್ನು ನಾನು ಕೊಂದೆ. ತೊಟ್ಟಿಯ ನೀರು ದಿನಾ ಒಂದು ಬೆರಳು ಇಳಿಯುತ್ತದೆ. ಸಮುದ್ರದ ಮೀನಿಗೆ ಬರೀ ನೀರು ವಿಷ ಅಂದುಕೊಂಡು ನಾನು ಪ್ರತಿ ಸಲವೂ ಜೋಪಾನವಾಗಿ ಉಪ್ಪು ಕಲಸಿದ ನೀರನ್ನೇ ತುಂಬಿಸುತ್ತಾ ಬಂದೆ. ಮೊದಲ ವಾರ ಮೀಟರು ಸರಿ ತೋರಿಸಿತ್ತಲ್ಲ, ಅದನ್ನು ದಾರದ ಡಬ್ಬಿಯಲ್ಲಿಟ್ಟು ಮರೆತೆ. ಹತ್ತೊಂಬತ್ತನೇ ದಿನ ಗುಂಡ ಕಲ್ಲಿನ ಹಿಂದೆ ಮಗ್ಗುಲಾಗಿ ಬಿದ್ದಿದ್ದ. ಅಂಗಡಿಯವನು ನಾನು ಶೀಸೆಯಲ್ಲಿ ಒಯ್ದ ನೀರನ್ನು ಅಳೆದು ತಲೆ ತಲೆ ಚಚ್ಚಿಕೊಂಡ. “ಆವಿಯಾಗೋದು ನೀರು ಕಣಮ್ಮಾ, ಉಪ್ಪು ಎಲ್ಲಿಗೂ ಹೋಗಲ್ಲ. ಇಳಿದಷ್ಟಕ್ಕೆ ಸಪ್ಪೆ ನೀರು ಹಾಕ್ಬೇಕಿತ್ತು.” ಉಪ್ಪು ತಿಂದವನು ನೀರು ಕುಡಿಯಬೇಕು ಅಂತಾರೆ. ಇಲ್ಲಿ ಉಪ್ಪು ಹಾಕಿದವಳು ನಾನು, ಪ್ರಾಣ ಬಿಟ್ಟಿದ್ದು ಆ ಬಡಪಾಯಿ. ಅವನ ಅಂಗಡಿಯ ಹಿಂದಿನ ನಲ್ಲಿಯ ಹತ್ತಿರ ನಿಂತು ಅತ್ತೆ, ನಾಚಿಕೆ ಬಿಟ್ಟು.

ಗುಂಡ ಸತ್ತ ಅಂತ ಅಮ್ಮನ ಮುಂದೆ ಯಾವ ಬಾಯಲ್ಲಿ ಹೇಳಲಿ, ಹೇಳು. ನೀರು ಬದಲಾಯಿಸುತ್ತಿದ್ದೇನೆ, ಮೀನಿಗೆ ಬೆಳಕು ಬೀಳಬಾರದು ಅಂತ ಸುಳ್ಳು ಹೇಳಿ ತೊಟ್ಟಿಯ ಮೇಲೆ ಮಂಚದ ಹಾಸು ಹೊದಿಸಿದೆ. ಸ್ವಲ್ಪ ಸ್ವಲ್ಪ ನೀರು ತೆಗೆದು ಸಪ್ಪೆ ನೀರು ಹಾಕಿ ಮುಳ್ಳನ್ನು ಹಸಿರು ಗೆರೆಗೆ ತರಲು ಐದು ದಿನ ಹಿಡಿಯಿತು. ಅಂಗಡಿಯಲ್ಲಿ ಕಿತ್ತಳೆ ಮೀನು ಒಂದೂ ಇರಲಿಲ್ಲ, ಹದಿನೈದು ದಿನ ಬೇಕು ಅಂದ. ಇದ್ದದ್ದು ಒಂದೇ, ಅಚ್ಚ ನೀಲಿ, ಮೇಷ್ಟ್ರ ಮಸಿಯಂಥ ನೀಲಿ. ಗಟ್ಟಿ ಜೀವ, ನಿಮ್ಮ ಕೈಗೂ ತಡೆದುಕೊಳ್ಳುತ್ತೆ ಅಂತ ಕುಟುಕಿ ಕೊಟ್ಟ. ತಂದು ಬಿಟ್ಟೆ. ಹಾಸು ತೆಗೆದು ಎಲ್ಲಾ ನಿಜ ಹೇಳಿಬಿಡೋಣ, ಬೈದರೆ ಬೈಯಲಿ ಅಂತ ಸ್ನಾನದ ಮನೆಯಲ್ಲಿ ಮಾತು ಜೋಡಿಸಿಕೊಂಡೆ. ಭಾನುವಾರ ಬೆಳಿಗ್ಗೆ ಹಾಸು ತೆಗೆದೆ. ಅಮ್ಮ ಬಂದು ಕೂತಳು. ಬೈಯಲಿಲ್ಲ. ತೊಟ್ಟಿಯ ಸುದ್ದಿ ಇಷ್ಟು.

ಅಮ್ಮ ನಿನಗೆ ಆಶೀರ್ವಾದ ಹೇಳಿದ್ದಾಳೆ, ಹೊತ್ತಿಗೆ ಸರಿಯಾಗಿ ಊಟ ಮಾಡಬೇಕಂತೆ. ನನ್ನ ಆಶೀರ್ವಾದ ಬೇಕಾದರೆ ಮೆಟ್ಟಿಲು ಹತ್ತಿ ಬಂದು ತೆಗೆದುಕೊಂಡು ಹೋಗು.

ನಿನ್ನ
ಅಕ್ಕ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಭಾನುವಾರ ನಾನು ಬಾಯಿ ತೆಗೆಯುವ ಮೊದಲೇ ಅಮ್ಮ ಗಾಜಿನ ಮೇಲೆ ಕೈಯಿಟ್ಟು, “ನೋಡೇ, ನಮ್ ಗುಂಡ ಇವತ್ತು ಎಷ್ಟು ಕೆಂಪಗಿದಾನೆ” ಅಂದಳು. ನಾಲ್ಕು ದಿನದಿಂದ ಆ ನೀಲಿ ಮೀನಿನ ಮುಂದೆ ಕೂತು ಇದನ್ನೇ ಹೇಳುತ್ತಿದ್ದಾಳೆ. ಮನೆಯೊಳಗೆ ಎಲ್ಲೂ ಎಡವುವುದಿಲ್ಲ, ಅದಕ್ಕೇ ಯಾವಾಗಿನಿಂದ ಹೀಗೋ ನನಗೂ ತಿಳಿಯಲಿಲ್ಲ. ಈಗಷ್ಟೇ ಇಲ್ಲಿ ಬಂದು, “ಅವನು ಕಳಿಸಿದ್ದು ದಿನಾ ನೋಡ್ತೀನಿ ಅಂತ ಬರಿ, ಪಾಪ ಬೇಜಾರು ಮಾಡ್ಕೋತಾನೆ” ಅಂದಳು. ಬರೆದಿದ್ದೇನೆ. ಇನ್ನು ನೀನು ಅವಸರ ಮಾಡಬೇಕಾಗಿಲ್ಲ, ನಿನಗೆ ಅನುಕೂಲವಾದಾಗ ಬಾ. ಬಂದಾಗ ಸುಮ್ಮನೆ ಬಾಗಿಲಲ್ಲಿ ನಿಂತುಕೊಳ್ಳಬೇಡ, ಮೊದಲು ಏನಾದರೂ ಮಾತಾಡು. ಗುಂಡ ಕೆಂಪಗಿದ್ದಾನೆ ಅಲ್ವೇನೋ ಅಂತ ಕೇಳಿದರೆ, ಹೌದಮ್ಮಾ ಅನ್ನು.